ಮಾಡ್‌ಸ್ಲೆ ಕಾರ್ಖಾನೆಯ ಜಾಡು ಹಿಡಿದು: ವುಲಿಚ್‌ನಿಂದ ಚಾಟಮ್‌ವರೆಗೆ

ಲೇತ್ (ಕೆಲಸದ ತುಂಡನ್ನು ತಿರುಗಿಸುತ್ತಾ ಟೂಲಿನಿಂದ ಕೆತ್ತುವ ಯಂತ್ರ) ಕಂಡುಹಿಡಿದವನು ಇಂಗ್ಲೆಂಡಿನ ಯಂತ್ರ ತಯಾರಕ ಹೆನ್ರಿ ಮಾಡ್‌ಸ್ಲೆ ಎಂದು ಹೇಳುವುದುಂಟು. ಅದು ಸರಿಯಲ್ಲ. ಲೇತ್ ಅವನಿಗಿಂತ ಸಾವಿರಾರು ವರ್ಷ ಹಳೆಯದು. ಟೂಲನ್ನು ಕೈಯಲ್ಲಿ ಹಿಡಿಯದೆ ಕಬ್ಬಿಣದ ಹಿಡಿಕೆಗೆ ಬಿಗಿಯುವ ಸ್ಲೈಡ್ ರೆಸ್ಟ್ ಕೂಡ ಅವನಿಗಿಂತ ಮೊದಲೇ ಇತ್ತು. ಟೂಲನ್ನು ನೇರ ಸಾಗಿಸುವ ಲೀಡ್ ಸ್ಕ್ರೂ ಹಾಕಿ ಥ್ರೆಡ್ (ಸ್ಕ್ರೂವಿನ ಸುರುಳಿ ಗೆರೆ) ಕತ್ತರಿಸುವ ಪ್ರಯತ್ನವನ್ನು ಲಂಡನ್ನಿನಲ್ಲಿ ರ‍್ಯಾಮ್ಸ್‌ಡೆನ್, ಫ್ರಾನ್ಸಿನಲ್ಲಿ ಸೆನೋ ಆಗಲೇ ಮಾಡಿದ್ದರು. ಮಾಡ್‌ಸ್ಲೆ ಮಾಡಿದ್ದು ಬೇರೆ: ಇವೆಲ್ಲವನ್ನೂ ಪೂರ್ತಿ ಲೋಹದ ಒಂದೇ ಯಂತ್ರಕ್ಕೆ ಸೇರಿಸಿ, ಆ ಯಂತ್ರದಿಂದ ಮರಗೆಲಸದ ಯಂತ್ರಗಳನ್ನು ಸಾಲುಸಾಲಾಗಿ ತಯಾರಿಸಿ ಮಾರಿದ. ಅವನ ಕೆಲಸ ಉಳಿದಿರುವ ಊರುಗಳನ್ನು ಕಾಲಾನುಕ್ರಮದಲ್ಲಿ ನೋಡಲು ಐದು ದಿನ ಸಾಕು. ವಾಸ್ತವ್ಯಕ್ಕೆ ಲಂಡನ್ ಒಂದೇ ಸಾಲುತ್ತದೆ. ಪೋರ್ಟ್ಸ್‌ಮತ್, ಚಾಟಮ್ ಎರಡಕ್ಕೂ ಬೆಳಿಗ್ಗೆ ರೈಲು ಹತ್ತಿ ಸಂಜೆಗೆ ಮರಳಬಹುದು.

ಮೊದಲ ದಿನ: ವುಲಿಚ್

ಎಲಿಜಬೆತ್ ಲೈನ್ ರೈಲು ವುಲಿಚ್‌ನ ಹಳೆಯ ಆರ್ಸೆನಲ್ (ಸೇನೆಯ ಶಸ್ತ್ರಾಸ್ತ್ರ ಕಾರ್ಖಾನೆ) ಆವರಣದಲ್ಲೇ ಇಳಿಸುತ್ತದೆ. ಮಾಡ್‌ಸ್ಲೆ ಹುಟ್ಟಿದ್ದು ಈ ಊರಿನಲ್ಲಿ, 1771ರ ಆಗಸ್ಟ್ 22ರಂದು. ಹನ್ನೆರಡನೇ ವಯಸ್ಸಿಗೆ ಆರ್ಸೆನಲ್‌ನಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸ, ಆಮೇಲೆ ಬಡಗಿ ಶಾಲೆ, ಅಲ್ಲಿಂದ ಕುಲುಮೆ. ಮರ ಮತ್ತು ಕಬ್ಬಿಣ ಎರಡರಲ್ಲೂ ಕೈ ಪಳಗಿದ್ದು ಹೀಗೆ. ಮುಂದೆ ಹಡಗಿನ ಹಗ್ಗ ಎಳೆಯುವ ಮರದ ರಾಟೆಗಳನ್ನು ಮಾಡುವ ಯಂತ್ರಗಳ ಗುತ್ತಿಗೆ ಬಂದಾಗ ಮರ ಎಲ್ಲಿ ಸೀಳುತ್ತದೆ, ಉಳಿ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆವರಣದಲ್ಲಿ ನಿಂತು ನೋಡಬೇಕಾದ ಕಟ್ಟಡ ರಾಯಲ್ ಬ್ರಾಸ್ ಫೌಂಡ್ರಿ. 1717ರ ಕೆಂಪು ಇಟ್ಟಿಗೆಯ ಈ ಎರಕದ ಮನೆ ಇನ್ನೂ ಗಟ್ಟಿಯಾಗಿದೆ. 1770ರಲ್ಲಿ ಹಾಲೆಂಡಿನಿಂದ ಬಂದ ಯಾನ್ ವರ್‌ಬ್ರುಗನ್ ಇಲ್ಲಿ ಫಿರಂಗಿ ಕೊರೆಯುವ ಅಡ್ಡ ಯಂತ್ರ ಹೂಡಿದ. ಅದರಲ್ಲಿ ತಿರುಗುವುದು ಫಿರಂಗಿ. ಕೊರೆಯುವ ಟೂಲು ತಿರುಗದೆ ನೇರ ಮುಂದಕ್ಕೆ ಸರಿಯುತ್ತದೆ. ಟೂಲನ್ನೇ ತಿರುಗಿಸಿದರೆ ಅದರ ಉದ್ದನೆಯ ಕಡ್ಡಿ ಬಾಗಿ ತೂತು ಒಂದು ಪಕ್ಕಕ್ಕೆ ಎಳೆಯುತ್ತದೆ. ಕೆಲಸವನ್ನು, ಅಂದರೆ ಫಿರಂಗಿಯನ್ನೇ, ತಿರುಗಿಸಿದರೆ ತೂತು ತಿರುಗುವ ಅಕ್ಷದಲ್ಲೇ ಉಳಿಯುತ್ತದೆ. ಲೇತಿನಲ್ಲಿ ಆಳದ ತೂತು ಹಾಕುವಾಗ ಈಗಲೂ ನಡೆಯುವುದು ಇದೇ.

ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚು ಇಲ್ಲಿಂದ ಹೆಚ್ಚು ದೂರವಿಲ್ಲ. 1831ರ ಫೆಬ್ರವರಿ 14ರಂದು ತೀರಿಕೊಂಡ ಮಾಡ್‌ಸ್ಲೆಯನ್ನು ಇಲ್ಲಿ ಮಣ್ಣು ಮಾಡಿದರು. ಸ್ಮಾರಕ ಕಲ್ಲಿನದಲ್ಲ, ಬೀಡು ಕಬ್ಬಿಣದ್ದು. ಅರ್ಧ ದಿನಕ್ಕೆ ವುಲಿಚ್ ಮುಗಿಯುತ್ತದೆ.

ಎರಡನೇ ದಿನ: ಸೈನ್ಸ್ ಮ್ಯೂಸಿಯಂ, ಸೌತ್ ಕೆನ್ಸಿಂಗ್ಟನ್

ಪ್ರವೇಶ ಉಚಿತ, ಟಿಕೆಟನ್ನು ಮೊದಲೇ ಕಾದಿರಿಸಿಕೊಳ್ಳುವುದು ಒಳ್ಳೆಯದು. ಯಾವ ವಸ್ತು ಪ್ರದರ್ಶನದಲ್ಲಿದೆ, ಯಾವುದು ಉಗ್ರಾಣದಲ್ಲಿದೆ ಎಂಬುದು ಬದಲಾಗುತ್ತಿರುತ್ತದೆ. ಹಾಗಾಗಿ ಮ್ಯೂಸಿಯಂನ ಆನ್‌ಲೈನ್ ಪಟ್ಟಿಯಲ್ಲಿ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಇಲ್ಲಿ ಇಡೀ ದಿನ ಬೇಕು.

ಮೊದಲು ಬೀಗ. ಹದಿನೆಂಟನೇ ವಯಸ್ಸಿಗೆ, 1789ರಲ್ಲಿ, ಮಾಡ್‌ಸ್ಲೆ ಲಂಡನ್ನಿನ ಬೀಗ ತಯಾರಕ ಜೋಸೆಫ್ ಬ್ರಾಮಾನ ಕಾರ್ಖಾನೆ ಸೇರಿದ. ಬ್ರಾಮಾನ ಬೀಗದಲ್ಲಿ ಕೊಳವೆಯಾಕಾರದ ಕೀ ಒಳಗಿನ ತೆಳು ಪಟ್ಟಿಗಳನ್ನು ಒಂದೊಂದಾಗಿ ಬೇರೆ ಬೇರೆ ಆಳಕ್ಕೆ ಒತ್ತುತ್ತದೆ. ಎಲ್ಲ ಪಟ್ಟಿಗಳ ಕಚ್ಚುಗಳೂ ಒಂದೇ ಮಟ್ಟಕ್ಕೆ ಬಂದರೆ ಮಾತ್ರ ಬೀಗ ತಿರುಗುತ್ತದೆ. ಅಂಗಡಿಯ ಕಿಟಕಿಯಲ್ಲಿ ಸವಾಲೆಸೆದು ಇಟ್ಟಿದ್ದ ಬೀಗದಲ್ಲಿ ಇಂಥ 18 ಪಟ್ಟಿಗಳಿದ್ದವು. ತೆರೆದವರಿಗೆ 200 ಗಿನಿ ಬಹುಮಾನ. 1851ರಲ್ಲಿ ಅಮೆರಿಕದ ಹಾಬ್ಸ್ ಅದನ್ನು ತೆರೆದ, 16 ದಿನಗಳಲ್ಲಿ ಹಂಚಿದ 51 ಗಂಟೆಗಳ ಕೆಲಸದ ನಂತರ. ಬೀಗದ ವಿನ್ಯಾಸ ಬ್ರಾಮಾನದು, ಆದರೆ ಅದನ್ನು ತಯಾರಿಸುವುದು ತಲೆನೋವಾಗಿತ್ತು. ಕಚ್ಚು ಕೂದಲೆಳೆಯಷ್ಟು ಆಚೀಚೆಯಾದರೂ ಬೀಗ ಒಂದೋ ತೆರೆಯುವುದಿಲ್ಲ, ಇಲ್ಲವೇ ಯಾವ ಕೀಗೂ ತೆರೆಯುತ್ತದೆ. ಅರ ಹಿಡಿದು ಕೈಯಲ್ಲಿ ತಿಕ್ಕಿದರೆ ಒಂದೊಂದು ಬೀಗವೂ ದುಬಾರಿ. ಅದಕ್ಕೆಂದು ಮಾಡ್‌ಸ್ಲೆ ತಯಾರಿಸಿದ ಸ್ಪ್ರಿಂಗ್ ಸುತ್ತುವ ಯಂತ್ರ ಮ್ಯೂಸಿಯಂನಲ್ಲಿ ಉಳಿದಿದೆ. ಆಗ ಅವನ ಕೂಲಿ ವಾರಕ್ಕೆ 30 ಶಿಲಿಂಗ್. ಹೆಚ್ಚು ಕೇಳಿದಾಗ ಬ್ರಾಮಾ ಒಪ್ಪಲಿಲ್ಲ; 1797ರಲ್ಲಿ ಮಾಡ್‌ಸ್ಲೆ ಸ್ವಂತ ಅಂಗಡಿ ಇಟ್ಟ. ಬ್ರಾಮಾ ಉಳಿಸಿದ ಕೆಲವು ಶಿಲಿಂಗುಗಳಿಗಿಂತ ದುಬಾರಿಯಾದ ಉಳಿತಾಯ ಯಂತ್ರಗಳ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಮುಂದಿನದು ಸ್ಕ್ರೂ ಕತ್ತರಿಸುವ ಲೇತ್. ಮೇಜಿನ ಮೇಲೆ ಕೂರಿಸಬಹುದಾದಷ್ಟು ಚಿಕ್ಕದು. ಟೂಲನ್ನು ಹೊತ್ತ ಕ್ಯಾರೇಜ್ ಓಡಾಡುವುದು ಎರಡು ತ್ರಿಕೋನಾಕಾರದ ಸರಳುಗಳ ಮೇಲೆ. ಚಪ್ಪಟೆ ಹಳಿ ಸವೆದಾಗ ಕ್ಯಾರೇಜಿಗೆ ಪಕ್ಕಕ್ಕೆ ಆಟ ಬರುತ್ತದೆ. ತ್ರಿಕೋನದ ಎರಡು ಇಳಿಜಾರು ಸವೆದರೆ ಕ್ಯಾರೇಜ್ ಸ್ವಲ್ಪ ಕೆಳಗೆ ಕೂರುತ್ತದೆಯೇ ಹೊರತು ಪಕ್ಕಕ್ಕೆ ಅಲ್ಲಾಡುವುದಿಲ್ಲ. ಪೀಣ್ಯದ ಯಾವ ವರ್ಕ್‌ಶಾಪಿನಲ್ಲಾದರೂ ಲೇತ್ ಬೆಡ್ಡಿನ ಮೇಲೆ ಕೈಯಾಡಿಸಿದರೆ ಇದೇ ಏಣು ಸಿಗುತ್ತದೆ.

ಮೊದಲಿನ ಲೇತಿನಲ್ಲಿ ಬೇರೆ ಪಿಚ್ (ಥ್ರೆಡ್‌ಗಳ ನಡುವಿನ ದೂರ) ಬೇಕಾದರೆ ಲೀಡ್ ಸ್ಕ್ರೂವನ್ನೇ ಕಳಚಿ ಇನ್ನೊಂದನ್ನು ಹಾಕಬೇಕಿತ್ತು. 1800ರ ಹೊತ್ತಿಗೆ ಚೇಂಜ್ ಗೇರ್ ಬಂತು: 15ರಿಂದ 50 ಹಲ್ಲುಗಳವರೆಗಿನ 28 ಚಕ್ರಗಳು. ಲೆಕ್ಕ ಸುಲಭ. ಲೀಡ್ ಸ್ಕ್ರೂವಿನಲ್ಲಿ ಇಂಚಿಗೆ 4 ಥ್ರೆಡ್ ಇದ್ದು, ಕೆಲಸದ ಮೇಲೆ ಇಂಚಿಗೆ 10 ಥ್ರೆಡ್ ಬೇಕೆನ್ನಿ. ಅನುಪಾತ 4ಕ್ಕೆ 10. ಕೆಲಸವನ್ನು ತಿರುಗಿಸುವ ಸ್ಪಿಂಡಲಿನ ಕಡೆ 20 ಹಲ್ಲಿನ ಚಕ್ರ, ಸ್ಕ್ರೂವಿನ ಕಡೆ 50 ಹಲ್ಲಿನದು ಹಾಕಿದರೆ ಮುಗಿಯಿತು. ಒಂದೇ ಏಟಿಗೆ ಪೂರ್ತಿ ಆಳ ಕತ್ತರಿಸಲಾಗುವುದಿಲ್ಲ. ನಾಲ್ಕಾರು ಸಲ ಟೂಲನ್ನು ಹಿಂದಕ್ಕೆ ತಂದು ಮತ್ತೆ ಓಡಿಸಬೇಕು. ಕ್ಯಾರೇಜನ್ನು ಲೀಡ್ ಸ್ಕ್ರೂವಿಗೆ ಕಚ್ಚಿಸುವ ನಟ್ಟನ್ನು ಬಿಡಿಸಿ ಕಣ್ಣಂದಾಜಿನಲ್ಲಿ ಮತ್ತೆ ಕಚ್ಚಿಸಿದರೆ ಟೂಲು ಹಳೆಯ ಗೆರೆಗೆ ಬೀಳದೆ ಅದರ ಮಗ್ಗುಲಲ್ಲಿ ಬೀಳುತ್ತದೆ, ಥ್ರೆಡ್ ಕೆಟ್ಟಿತು. ಬಿಡಿಸದೆಯೇ ಲೇತನ್ನು ಹಿಮ್ಮುಖ ತಿರುಗಿಸಿ ತರುವುದು ನಿಧಾನವಾದರೂ ಖಾತ್ರಿಯ ದಾರಿ. ತರುವಾಗ ಟೂಲನ್ನು ಹೊರಗೆಳೆದುಕೊಳ್ಳಬೇಕು, ಯಾಕೆಂದರೆ ನಟ್ಟಿನ ಸಡಿಲದಿಂದಾಗಿ ಹಿಮ್ಮುಖದಲ್ಲಿ ಅದು ಅದೇ ಗೆರೆಯಲ್ಲಿ ಬರುವುದಿಲ್ಲ.

ಇಲ್ಲೊಂದು ಪ್ರಶ್ನೆ ಏಳಬೇಕು. ಲೀಡ್ ಸ್ಕ್ರೂವಿನ ತಪ್ಪೆಲ್ಲ ಕೆಲಸಕ್ಕೂ ಇಳಿಯುತ್ತದೆ. ಹಾಗಾದರೆ ಮೊದಲ ನಿಖರ ಸ್ಕ್ರೂ ಬಂದದ್ದೆಲ್ಲಿಂದ? ಮಾಡ್‌ಸ್ಲೆಯ ಉಪಾಯ ಹೀಗಿತ್ತು. ಮೆದುವಾದ ಮರ ಅಥವಾ ತವರದ ದುಂಡು ಸರಳನ್ನು ತಿರುಗಿಸುತ್ತಾ, ಬೇಕಾದ ಪಿಚ್‌ಗೆ ತಕ್ಕ ಕೋನದಲ್ಲಿ ಓರೆಯಾಗಿ ಬಿಗಿದ ಅರ್ಧಚಂದ್ರಾಕಾರದ ಚೂರಿಯನ್ನು ಅದಕ್ಕೆ ಒತ್ತುವುದು. ಓರೆ ಚೂರಿ ತಾನೇ ಸರಳಿನುದ್ದಕ್ಕೂ ಸರಿಯುತ್ತಾ ಸುರುಳಿ ಗೆರೆ ಕೊರೆಯುತ್ತದೆ. ಇಂಥ ಹಲವು ಸರಳು ಮಾಡಿ, ಒಳ್ಳೆಯದನ್ನು ಆರಿಸಿ, ಅದರಿಂದ ಉಕ್ಕಿನ ಸ್ಕ್ರೂ, ಆ ಸ್ಕ್ರೂವಿನಿಂದ ಇನ್ನೂ ಚೆನ್ನಾದ ಸ್ಕ್ರೂ. ಉದ್ದವಾದ ನಟ್ ಒಟ್ಟಿಗೇ ನೂರಾರು ಥ್ರೆಡ್‌ಗಳನ್ನು ಹಿಡಿದುಕೊಳ್ಳುವುದರಿಂದ ಚಿಕ್ಕಪುಟ್ಟ ತಪ್ಪುಗಳು ಸರಾಸರಿಯಲ್ಲಿ ಕರಗುತ್ತವೆ. ಅವನು ಮಾಡಿದ ಒಂದು ಸ್ಕ್ರೂ 5 ಅಡಿ ಉದ್ದ, 2 ಇಂಚು ದಪ್ಪ, ಇಂಚಿಗೆ 50 ಥ್ರೆಡ್. ಅದರ ನಟ್ಟಿನ ಉದ್ದ 12 ಇಂಚು, ಒಳಗೆ 600 ಥ್ರೆಡ್.

ಸ್ಕ್ರೂ ನಿಖರವಾದ ಮೇಲೆ ಅಳತೆ ನಿಖರವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮ್ಯೂಸಿಯಂನಲ್ಲಿರುವ ಮೇಜಿನ ಮೈಕ್ರೋಮೀಟರ್ 1805ರ ಸುಮಾರಿನದು. ಕಾರ್ಖಾನೆಯಲ್ಲಿ ಅದರ ಹೆಸರು 'ಲಾರ್ಡ್ ಚಾನ್ಸಲರ್', ಅಳತೆಯ ಜಗಳಗಳಿಗೆ ಕೊನೆಯ ತೀರ್ಪು ಅದರದ್ದು. ಸ್ಕ್ರೂವಿನಲ್ಲಿ ಇಂಚಿಗೆ 100 ಥ್ರೆಡ್, ತಲೆಯ ಬಿಲ್ಲೆಯಲ್ಲಿ 100 ಗೆರೆ. ಅಂದರೆ ಒಂದು ಗೆರೆಗೆ ಇಂಚಿನ ಹತ್ತು ಸಾವಿರದಲ್ಲಿ ಒಂದು ಭಾಗ, ಸುಮಾರು 0.0025 ಮಿಲಿಮೀಟರ್. ಇವತ್ತು ಲೇತ್ ಕೆಲಸದವರ ಮೇಜಿನ ಮೇಲಿರುವ ಸಾಮಾನ್ಯ ಮೈಕ್ರೋಮೀಟರ್ ಓದುವುದು 0.01 ಮಿಲಿಮೀಟರ್.

ಮೂರನೇ ದಿನ: ಕಾಲ್ನಡಿಗೆಯಲ್ಲಿ ಪಿಕಡಿಲಿಯಿಂದ ಲ್ಯಾಂಬೆತ್‌ಗೆ

ಈ ದಿನ ಕಣ್ಣಿಗೆ ಬೀಳುವುದು ಕಡಿಮೆ. ಬ್ರಾಮಾನ ಅಂಗಡಿ ಇದ್ದದ್ದು ಪಿಕಡಿಲಿಯ 124ನೇ ನಂಬರಿನಲ್ಲಿ. ಆಕ್ಸ್‌ಫರ್ಡ್ ಸ್ಟ್ರೀಟ್ ಪಕ್ಕದ ವೆಲ್ಸ್ ಸ್ಟ್ರೀಟಿನಲ್ಲಿ ಮಾಡ್‌ಸ್ಲೆಯ ಮೊದಲ ಕುಲುಮೆ. ಅಲ್ಲಿ ಬಂದ ಮೊದಲ ಕೆಲಸ ಒಬ್ಬ ಚಿತ್ರಕಾರನಿಗೆ ಕಬ್ಬಿಣದ ಈಸೆಲ್ ಎಂಬುದು ಪ್ರಸಿದ್ಧ. ರಾಟೆ ಯಂತ್ರಗಳನ್ನು ಯೋಜಿಸಿದ ಮಾರ್ಕ್ ಬ್ರೂನೆಲ್‌ಗೆ ಅವನನ್ನು ಪರಿಚಯಿಸಿದ್ದು ಬಾಕಾಂಕೂರ್ ಎಂಬ ಫ್ರೆಂಚ್ ವಲಸಿಗ. ಅಂಗಡಿಯ ಕಿಟಕಿಯಲ್ಲಿಟ್ಟಿದ್ದ ಸ್ಕ್ರೂ ಈ ವಲಸಿಗನ ಕಣ್ಣು ಸೆಳೆದಿತ್ತಂತೆ. ಸ್ವಲ್ಪ ಮುಂದೆ ಮಾರ್ಗರೆಟ್ ಸ್ಟ್ರೀಟ್. ರಾಟೆ ಯಂತ್ರಗಳ ಕಾಲದ ದೊಡ್ಡ ಕಾರ್ಖಾನೆ ಇಲ್ಲಿತ್ತು. 1810ರಲ್ಲಿ ನದಿ ದಾಟಿ ವೆಸ್ಟ್‌ಮಿನ್‌ಸ್ಟರ್ ಬ್ರಿಡ್ಜ್ ರಸ್ತೆಗೆ, ಈಗ ಲ್ಯಾಂಬೆತ್ ನಾರ್ತ್ ಮೆಟ್ರೋ ನಿಲ್ದಾಣವಿರುವ ಆಸುಪಾಸಿಗೆ ಬಂತು.

ಆ ಕಾರ್ಖಾನೆಯ ಶಿಸ್ತಿನ ಬಗ್ಗೆ ಒಂದೆರಡು ಮಾತು. ಅಲ್ಲಿಯವರೆಗೆ ಪ್ರತಿ ಬೋಲ್ಟಿಗೂ ಅದರದೇ ನಟ್. ಕಳಚುವಾಗ ಗುರುತು ಹಾಕದೆ ಬೆರೆಸಿಬಿಟ್ಟರೆ ಜೋಡಿ ಹುಡುಕುವುದರಲ್ಲೇ ದಿನ ಹೋಗುತ್ತಿತ್ತು. ಮಾಡ್‌ಸ್ಲೆ ತನ್ನ ಕಾರ್ಖಾನೆಯ ಮಟ್ಟಿಗೆ ನಟ್ಟು ಬೋಲ್ಟುಗಳಿಗೆ ಥ್ರೆಡ್ ಕತ್ತರಿಸುವ ಟ್ಯಾಪು, ಡೈಗಳನ್ನು ಗೊತ್ತಾದ ಅಳತೆಗೆ ತಂದ. ಕೆಲಸಗಾರರ ಬೆಂಚಿನ ಮೇಲೆ ಸಮತಟ್ಟಾದ ಲೋಹದ ಫಲಕಗಳಿದ್ದವು: ಬಣ್ಣ ಬಳಿದ ಫಲಕಕ್ಕೆ ಕೆಲಸವನ್ನು ತಾಗಿಸಿದರೆ ಉಬ್ಬಿನ ಜಾಗಕ್ಕೆ ಬಣ್ಣ ಹತ್ತುತ್ತದೆ, ಅಲ್ಲಿ ಹೆರೆಯಬೇಕು. ಇಂಥ ಫಲಕವನ್ನೇ ಹೊಸದಾಗಿ ಮಾಡುವಾಗ ಎರಡು ಸಾಲದು, ಮೂರು ಬೇಕು. ಎರಡನ್ನೇ ಒಂದಕ್ಕೊಂದು ಉಜ್ಜಿದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿಯೂ ಚೆನ್ನಾಗಿ ಕೂರುತ್ತವೆ. ಮೂರರಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಕೂರಬೇಕಾದರೆ ಮೂರೂ ಸಮತಟ್ಟಾಗದೆ ವಿಧಿಯಿಲ್ಲ. ಈ ವಿಧಾನವನ್ನು ಮುಂದೆ ಜಗತ್ತಿಗೆ ಸಾರಿದವನು ಇಲ್ಲೇ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್. ರಿಚರ್ಡ್ ರಾಬರ್ಟ್ಸ್, ಜೋಸೆಫ್ ಕ್ಲೆಮೆಂಟ್, ಜೇಮ್ಸ್ ನಾಸ್ಮಿತ್ ಕೂಡ ಇಲ್ಲಿ ದುಡಿದವರೇ.

ಆಮೇಲೆ ಕಂಪನಿ ಹಡಗಿನ ಉಗಿ ಎಂಜಿನ್ನುಗಳತ್ತ ವಾಲಿತು. 1825ರಲ್ಲಿ ಇಂಗ್ಲೆಂಡಿನಿಂದ ಕಲ್ಕತ್ತಕ್ಕೆ ಬಂದ ಮೊದಲ ಉಗಿಹಡಗು 'ಎಂಟರ್‌ಪ್ರೈಸ್'ನ ಎಂಜಿನ್ನು ಲ್ಯಾಂಬೆತ್‌ನದು. ಹಡಗು ಕಟ್ಟುವ ಕೆಲಸ ಉತ್ತರದ ನದಿಗಳಿಗೆ ಸರಿದ ಮೇಲೂ ಕಂಪನಿ ಲಂಡನ್ನಿನಲ್ಲೇ ಉಳಿಯಿತು. 1900ರ ಹೊತ್ತಿಗೆ ಬಾಗಿಲು ಹಾಕಿತು. ಮನೆತನದ ಹೆಸರು ಮಾತ್ರ ಇನ್ನೊಂದು ದಾರಿಯಲ್ಲಿ ನಮ್ಮ ಕಡೆಗೂ ಬಂತು. ಹೆನ್ರಿಯ ಮರಿಮೊಮ್ಮಗ ರೆಜಿನಾಲ್ಡ್ ಮಾಡ್‌ಸ್ಲೆ 1903ರಲ್ಲಿ ಕಾವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ಕಟ್ಟಿದ. ಮದರಾಸಿನಲ್ಲಿ ತಯಾರಾಗಿ ಬೆಂಗಳೂರು, ಮೈಸೂರಿನ ರಸ್ತೆಗಳಲ್ಲಿ ಓಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ 'ಸ್ಟ್ಯಾಂಡರ್ಡ್' ಅದೇ.

ನಾಲ್ಕನೇ ದಿನ: ಪೋರ್ಟ್ಸ್‌ಮತ್

ವಾಟರ್‌ಲೂ ನಿಲ್ದಾಣದಿಂದ ಪೋರ್ಟ್ಸ್‌ಮತ್ ಹಾರ್ಬರ್‌ಗೆ ನೇರ ರೈಲಿದೆ, ಸುಮಾರು ಒಂದೂಮುಕ್ಕಾಲು ಗಂಟೆ. ನಿಲ್ದಾಣದಿಂದ ಹಿಸ್ಟಾರಿಕ್ ಡಾಕ್‌ಯಾರ್ಡ್ ಬಾಗಿಲು ನಡೆದು ಹೋಗುವಷ್ಟೇ ದೂರ. ಒಂದು ಮಾತು ಮೊದಲೇ ತಿಳಿದಿರಲಿ: ರಾಟೆಗಳನ್ನು ತಯಾರಿಸಿದ ಬ್ಲಾಕ್ ಮಿಲ್ಸ್ ಕಟ್ಟಡ ನೌಕಾನೆಲೆಯ ಒಳಗಿದೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಯಂತ್ರಗಳಲ್ಲಿ ಕೆಲವು ಡಾಕ್‌ಯಾರ್ಡ್ ಅಪ್ರೆಂಟಿಸ್ ಪ್ರದರ್ಶನದಲ್ಲಿವೆ. ಉಳಿದವನ್ನು ಸೈನ್ಸ್ ಮ್ಯೂಸಿಯಂನಲ್ಲೇ ನೋಡಿಕೊಂಡು ಬಂದಿರಬೇಕು. ಎರಡನೇ ದಿನವನ್ನು ಪೂರ್ತಿ ಅಲ್ಲಿಗೇ ಇಟ್ಟದ್ದಕ್ಕೆ ಇದೂ ಒಂದು ಕಾರಣ.

ಹಾಯಿಹಡಗಿನಲ್ಲಿ ಹಗ್ಗ ಎಳೆಯುವ ಕಡೆಯಲ್ಲೆಲ್ಲ ಮರದ ರಾಟೆ ಬೇಕು. 74 ಫಿರಂಗಿಗಳ ಒಂದು ಯುದ್ಧಹಡಗಿಗೆ ಸಾವಿರದ ಹತ್ತಿರ. ಇಡೀ ನೌಕಾಪಡೆಗೆ ವರ್ಷಕ್ಕೆ ಒಂದು ಲಕ್ಷ. ಸೌತಾಂಪ್ಟನ್ನಿನ ಟೇಲರ್ ಮನೆತನ ಇವನ್ನು ಪೂರೈಸುತ್ತಿತ್ತು. ಮಾರ್ಕ್ ಬ್ರೂನೆಲ್ ತನ್ನ ಹೊಸ ಯಂತ್ರಗಳ ಯೋಚನೆಯನ್ನು ಮೊದಲು ಅವರ ಮುಂದಿಟ್ಟಾಗ, ಈಗಿರುವುದಕ್ಕಿಂತ ಚೆನ್ನಾದ ವಿಧಾನ ಸಿಗುವ ಭರವಸೆ ನಮಗಿಲ್ಲ ಎಂದು ಅವರು ಒಲ್ಲೆ ಎಂದರು. ಅವನು ನೌಕಾ ಇಲಾಖೆಯ ಸ್ಯಾಮ್ಯುಯೆಲ್ ಬೆಂಥಮ್ ಬಳಿ ಹೋದ. 1802ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಥಮ್ ಅಲ್ಲಿ ಆಗಲೇ ಉಗಿ ಎಂಜಿನ್ ಹೂಡಿದ್ದ: ಹಗಲು ಮರಗೆಲಸ, ರಾತ್ರಿ ಡಾಕಿನ ನೀರು ಎತ್ತುವುದು. ಯಂತ್ರಗಳನ್ನು ತಯಾರಿಸಿದ್ದು ಮಾಡ್‌ಸ್ಲೆ. ಮಧ್ಯಮ ಗಾತ್ರದ ರಾಟೆಗಳ ಸಾಲು 1803ರ ಜನವರಿಯಲ್ಲಿ, ಸಣ್ಣವುಗಳದ್ದು ಅದೇ ಮೇ ತಿಂಗಳಲ್ಲಿ, ದೊಡ್ಡವುಗಳದ್ದು 1805ರ ಮಾರ್ಚಿನಲ್ಲಿ ಶುರುವಾದವು. 1808ರಲ್ಲಿ ತಯಾರಾದ ರಾಟೆಗಳು 1,30,000. ಮೊದಲು 110 ನುರಿತ ಬಡಗಿಗಳು ಮಾಡುತ್ತಿದ್ದ ಕೆಲಸಕ್ಕೆ 10 ಜನ ಸಾಮಾನ್ಯ ಆಳುಗಳು ಸಾಕಾದರು. ಆ ನೂರು ಬಡಗಿಗಳ ಮಾತು ಈ ಅಂಕಿಗಳ ಜೊತೆ ಯಾರೂ ಎತ್ತುವುದಿಲ್ಲ.

ರಾಟೆಗೆ ನಾಲ್ಕು ಭಾಗ: ಎಲ್ಮ್ ಮರದ ಒಡಲು, ಲಿಗ್ನಮ್ ವೀಟೆಯ ಗಾಲಿ, ಗಾಲಿಯ ನಡುವಿನ ತೂತಿಗೆ ಕೂರುವ ಕಂಚಿನ ಬುಷ್, ಗಾಲಿ ತಿರುಗುವ ಕಬ್ಬಿಣದ ಅಚ್ಚು. ಎಲ್ಮ್ ಯಾಕೆಂದರೆ ಅದರ ನಾರು ಹೆಣೆದುಕೊಂಡಿರುತ್ತದೆ, ಏಟಿಗೆ ಸುಲಭವಾಗಿ ಸೀಳುವುದಿಲ್ಲ. ವೆಸ್ಟ್ ಇಂಡೀಸಿನಿಂದ ಬರುತ್ತಿದ್ದ ಲಿಗ್ನಮ್ ವೀಟೆ ನೀರಿನಲ್ಲಿ ಮುಳುಗುವಷ್ಟು ಭಾರ, ಒಳಗೆ ಅದರದೇ ಜಿಡ್ಡು.

ಒಡಲಿನ ಕೆಲಸ ಹೀಗೆ ಸಾಗುತ್ತದೆ. ದಿಮ್ಮಿಯನ್ನು ಗರಗಸದ ಯಂತ್ರಗಳು ತುಂಡು ಮಾಡಿ ಚೌಕಾಕಾರಕ್ಕೆ ಸೀಳುತ್ತವೆ. ಕೊರೆಯುವ ಯಂತ್ರ ಅಚ್ಚಿಗೆ ಒಂದು ತೂತು, ಅದಕ್ಕೆ ಲಂಬವಾಗಿ ಗಾಲಿ ಕೂರುವ ಕಂಡಿ ಶುರುವಾಗುವಲ್ಲಿ ಇನ್ನೊಂದು ತೂತು ಹಾಕುತ್ತದೆ. ಇದೇ ಹಿಡಿತದಲ್ಲಿ ತುಂಡಿನ ತಲೆಗೆ ಗುರುತಿನ ಕುಳಿ ಒತ್ತಿಬಿಡುತ್ತಾರೆ. ಮುಂದಿನ ಯಂತ್ರಗಳು ಆ ಕುಳಿಗಳಿಂದಲೇ ತುಂಡನ್ನು ಹಿಡಿಯುವುದರಿಂದ ಮತ್ತೆ ಅಳತೆ ತೆಗೆಯುವ ಕೆಲಸವಿಲ್ಲ. ಬಳಿಕ ಕಂಡಿ ಕೊರೆಯುವ ಯಂತ್ರ. ಉಳಿ ಮೇಲೆ ಕೆಳಗೆ ಆಡುತ್ತದೆ, ಪ್ರತಿ ಏಟಿಗೂ ಮರದ ತುಂಡು ಸ್ಕ್ರೂವಿನ ಮೂಲಕ ಒಂದಿಷ್ಟೇ ಮುಂದೆ ಸರಿಯುತ್ತದೆ, ಕಂಡಿಯ ಉದ್ದ ಮುಗಿದಾಗ ಸರಿಯುವುದು ತಾನಾಗಿ ನಿಲ್ಲುತ್ತದೆ. ಆರಂಭದ ತೂತು ಇಲ್ಲದಿದ್ದರೆ ಮೊದಲ ಚಕ್ಕೆಗೆ ಬೀಳಲು ಜಾಗವಿಲ್ಲ, ಉಳಿ ಸಿಕ್ಕಿಬೀಳುತ್ತದೆ. ಉಳಿಯ ಎರಡು ಪಕ್ಕದಲ್ಲಿ ಚಿಕ್ಕ ಹಲ್ಲುಗಳು ಮುಂದಾಗಿ ಬದಿಯ ನಾರನ್ನು ಕತ್ತರಿಸುತ್ತವೆ. ಇಲ್ಲದಿದ್ದರೆ ಕಂಡಿಯ ಗೋಡೆ ಸಿಬಿರೇಳುತ್ತದೆ. ಇದೇ ಚಲನೆಯನ್ನು ಕಬ್ಬಿಣಕ್ಕೆ ಅಳವಡಿಸಿದಾಗ ಸಿಕ್ಕಿದ್ದು ಗೇರನ್ನು ಅಚ್ಚಿಗೆ ಬಿಗಿಯುವ ಕೀಲಿಗೆ ಗೇರಿನಲ್ಲಿ ತೋಡು ತೆಗೆಯುವ ಸ್ಲಾಟಿಂಗ್ ಯಂತ್ರ. ಲೋಹದ ಯಂತ್ರ ಮರದ ಯಂತ್ರವನ್ನು ಹೆತ್ತಿತು, ಆ ಮರದ ಯಂತ್ರದಿಂದ ಮತ್ತೊಂದು ಲೋಹದ ಯಂತ್ರ ಬಂತು.

ಮೂಲೆಗಳನ್ನು ಗರಗಸದಲ್ಲಿ ಕತ್ತರಿಸಿದ ಮೇಲೆ ಆಕಾರ ಕೊಡುವ ಯಂತ್ರ. ಇಡೀ ಸಾಲಿನಲ್ಲಿ ಹೆಚ್ಚು ಹೊತ್ತು ನಿಂತು ನೋಡುವಂಥದ್ದು ಇದು. ದೊಡ್ಡ ಚಕ್ರದ ಸುತ್ತ ಹತ್ತು ತುಂಡುಗಳನ್ನು ಬಿಗಿಯುತ್ತಾರೆ. ಚಕ್ರ ವೇಗವಾಗಿ ತಿರುಗುವಾಗ ಟೂಲು ಬೇಕಾದ ಆಕಾರದ ಮಾದರಿಯನ್ನು ಅನುಸರಿಸಿ ಅಡ್ಡಲಾಗಿ ಬಿಲ್ಲಿನಂತೆ ಸರಿಯುತ್ತದೆ. ಹತ್ತೂ ತುಂಡುಗಳ ಒಂದು ಮುಖ ಒಂದೇ ಬಾರಿಗೆ ದುಂಡಗಾಗುತ್ತದೆ. ಬಳಿಕ ಹತ್ತನ್ನೂ ಒಟ್ಟಿಗೇ ಕಾಲು ಸುತ್ತು ತಿರುಗಿಸಿ ಮುಂದಿನ ಮುಖ. ಒಂದು ತುಂಡು ಸರಿಯಾಗಿ ಬಿಗಿಯದಿದ್ದರೂ ಹಾರಿ ಬರುತ್ತದೆ, ಎದುರು ನಿಂತವನ ಗತಿ ಹೇಳಬೇಕಿಲ್ಲ. ಕೊನೆಗೆ ಒಡಲನ್ನು ಸುತ್ತುವ ಹಗ್ಗಕ್ಕೆ ಹೊರಗಡೆ ತೋಡು ತೆಗೆದರೆ ಒಡಲು ಸಿದ್ಧ.

ಗಾಲಿಯ ನಡುವಿನ ಬುಷ್ ದುಂಡಗಿಲ್ಲ, ಮೂರು ಎಸಳಿನದು. ದುಂಡಗಿನ ಬುಷ್ ಕೆಲವೇ ದಿನಗಳಲ್ಲಿ ಮರದೊಳಗೆ ತಾನೇ ತಿರುಗತೊಡಗುತ್ತದೆ. ಎಸಳುಗಳು ಮರವನ್ನು ಕಚ್ಚಿ ಹಿಡಿಯುತ್ತವೆ. ಅದಕ್ಕೆ ತಕ್ಕ ತಗ್ಗನ್ನು ಕೈಯಲ್ಲಿ ಕೊರೆದರೆ ಎಲ್ಲೋ ಒಂದೆಡೆ ಸಡಿಲ ಉಳಿದೇ ಉಳಿಯುತ್ತದೆ. ಇದಕ್ಕೆಂದೇ ಒಂದು ಯಂತ್ರವಿತ್ತು. ಗಾಲಿಯ ಎರಡೂ ಮುಖದಲ್ಲಿ ಬುಷ್ ಕೂರಿಸಿ, ರಿವೆಟ್ ಹೊಡೆದು, ಆಮೇಲೆ ನಡುವಿನ ತೂತನ್ನು ಅಳತೆಗೆ ತಂದು, ಕೊನೆಯಲ್ಲಿ ಗಾಲಿಯ ಮುಖ ಮತ್ತು ಹಗ್ಗದ ತೋಡನ್ನು ಲೇತಿನಲ್ಲಿ ತೆಗೆಯುತ್ತಾರೆ. ಈ ಕ್ರಮ ತಪ್ಪಬಾರದು. ತೋಡನ್ನು ಮೊದಲೇ ತೆಗೆದು ಬುಷ್ ಆಮೇಲೆ ಕೂರಿಸಿದರೆ ತೂತಿಗೂ ಅಂಚಿಗೂ ಕೇಂದ್ರ ಒಂದೇ ಆಗುವುದಿಲ್ಲ. ಗಾಲಿ ಓಲಾಡುತ್ತಾ ಒಡಲಿಗೆ ಉಜ್ಜಿ ಹಗ್ಗ ಸಿಕ್ಕಿಕೊಳ್ಳುತ್ತದೆ.

ಐದನೇ ದಿನ: ಚಾಟಮ್

ಸೇಂಟ್ ಪ್ಯಾಂಕ್ರಾಸ್‌ನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಚಾಟಮ್. ನಿಲ್ದಾಣದಿಂದ ಹಡಗುಕಟ್ಟೆಗೆ ಬಸ್ಸಿದೆ, ನಡೆದರೆ ಅರ್ಧ ಗಂಟೆ. ಮೊದಲು ರೋಪರಿ ಎಂಬ ಹಗ್ಗದ ಕಾರ್ಖಾನೆಯ ಪ್ರಾತ್ಯಕ್ಷಿಕೆಯ ಸಮಯ ಕೇಳಿಕೊಂಡು, ಉಳಿದದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ರಾಟೆಗಳ ಯಶಸ್ಸಿನ ನಂತರ ಬ್ರೂನೆಲ್ ಯೋಜಿಸಿದ ಗರಗಸದ ಕಾರ್ಖಾನೆಯ ಕಟ್ಟಡವೂ ಇದೇ ಆವರಣದಲ್ಲಿದೆ. ಹೊರಗಿನಿಂದ ಒಂದು ನೋಟ ಸಾಕು.

ರೋಪರಿಯ ಕಟ್ಟಡ 346 ಮೀಟರ್ ಉದ್ದ. ನಾರಿನ ನೂಲುಗಳು ಮೊದಲು ವೃತ್ತಾಕಾರದಲ್ಲಿ ತೂತುಗಳಿರುವ ಲೋಹದ ಫಲಕದ ಮೂಲಕ, ಅಲ್ಲಿಂದ ಒಂದು ಕೊಳವೆಯ ಮೂಲಕ ಹಾದು ಬರುತ್ತವೆ. ಹಳಿಯ ಮೇಲೆ ಓಡುವ ಯಂತ್ರ ಅವನ್ನು ಎಳೆದುಕೊಂಡು ಹೋಗುತ್ತಲೇ ಹುರಿ ಮಾಡುತ್ತದೆ. ಹುರಿಯ ಹೊರಗಿನ ನೂಲು ಒಳಗಿನದಕ್ಕಿಂತ ಉದ್ದದ ದಾರಿ ಸುತ್ತಬೇಕು; ಫಲಕವಿದ್ದರೆ ಪ್ರತಿ ನೂಲೂ ತನಗೆ ಬೇಕಾದಷ್ಟೇ ಬಿಚ್ಚಿಕೊಳ್ಳುತ್ತದೆ. ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿ ಹೊಸೆದರೆ ಒಳಗಿನವು ಸಡಿಲ, ಹೊರಗಿನವುಗಳ ಮೇಲೆ ಭಾರವೆಲ್ಲ. ಹಗ್ಗ ಹೊರಗಿನಿಂದ ಒಂದೊಂದೇ ಎಳೆ ಕಡಿದುಕೊಳ್ಳುತ್ತದೆ. ಇಲ್ಲಿನ ಹುರಿ ಯಂತ್ರ ಮಾಡ್‌ಸ್ಲೆ 1811ರಲ್ಲಿ ತಯಾರಿಸಿದ್ದು.

ಮೂರು ಹುರಿಗಳನ್ನು ಎದುರು ದಿಕ್ಕಿಗೆ ಹೊಸೆದರೆ ಹಗ್ಗ. ಹುರಿಗಳ ನಡುವೆ ತೋಡುಗಳಿರುವ ಮೊಟಕು ಶಂಕುವಿನಂಥ ಮರದ ತುಂಡು ಇಟ್ಟಿರುತ್ತಾರೆ. ಹೊಸೆತ ಅದನ್ನು ಮುಂದಕ್ಕೆ ತಳ್ಳುತ್ತಾ ಹೋಗುತ್ತದೆ. ಅದು ಬೇಗ ಸರಿದರೆ ಹಗ್ಗ ಸಡಿಲವಾಗಿ ಆಕಾರ ಕೆಡುತ್ತದೆ. ತಡೆದು ಹಿಡಿದರೆ ಹೊಸೆತ ಬಿಗಿಯಾಗುತ್ತದೆ. ತೀರಾ ಬಿಗಿಯಾದರೆ ಹಗ್ಗ ಗಡುಸಾಗಿ ರಾಟೆಯ ಗಾಲಿಗೆ ಬಾಗುವುದಿಲ್ಲ, ತಾಳುವ ಭಾರವೂ ಕಡಿಮೆ. ಈ ತಡೆಯನ್ನು ಹದವಾಗಿಡುವುದು ಕೆಲಸಗಾರನ ಕೈ. ರೋಪರಿಯಲ್ಲಿ ಇಂದಿಗೂ ಹಗ್ಗ ಹೊಸೆದು ಮಾರುತ್ತಾರೆ. ತುಂಡುಗಳು ಬೇಕಿದ್ದವರಿಗೆ ಡಾಕ್‌ಯಾರ್ಡಿನ ಅಂಗಡಿಯಲ್ಲಿ ವಿಚಾರಿಸಬಹುದು.